ಕಟ್ಟಡಕ್ಕೆ ಇಳಿಜಾರು ಬಂತು, ಪಾಠಕ್ಕೆ?

1962ರಲ್ಲಿ ಎಡ್ ರಾಬರ್ಟ್ಸ್ ಎಂಬ ಯುವಕ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣಕ್ಕೆ ಓದಲು ಬಂದಾಗ, ಅವರನ್ನು ಎಲ್ಲಿ ಇರಿಸುವುದು ಎಂಬುದೇ ಮೊದಲ ತೊಡಕಾಯಿತು. ಹದಿನಾಲ್ಕನೆಯ ವಯಸ್ಸಿನಲ್ಲಿ ತಗಲಿದ ಪೋಲಿಯೊದಿಂದಾಗಿ ಕತ್ತಿನಿಂದ ಕೆಳಗೆ ಅವರ ದೇಹ ಬಹುತೇಕ ಚಲಿಸುತ್ತಿರಲಿಲ್ಲ. ಉಸಿರಾಟಕ್ಕೆ 'ಕಬ್ಬಿಣದ ಶ್ವಾಸಕೋಶ' ಎಂದು ಕರೆಯುವ ಭಾರೀ ಯಂತ್ರ ಬೇಕಿತ್ತು. ವಿದ್ಯಾರ್ಥಿನಿಲಯದ ನೆಲ ಅದರ ತೂಕವನ್ನು ತಾಳುವಂತಿರಲಿಲ್ಲ. ಕೊನೆಗೆ ಆವರಣದೊಳಗಿನ ಕೋವೆಲ್ ಆಸ್ಪತ್ರೆಯ ಕೋಣೆಯೇ ಅವರ ಹಾಸ್ಟೆಲ್ ಆಯಿತು. ಮುಂದಿನ ವರ್ಷಗಳಲ್ಲಿ ಗಾಲಿಕುರ್ಚಿಯ ಇನ್ನಷ್ಟು ವಿದ್ಯಾರ್ಥಿಗಳು ಅಲ್ಲಿಗೆ ಬಂದರು, 'ರೋಲಿಂಗ್ ಕ್ವಾಡ್ಸ್' (ಗಾಲಿಗಳ ಮೇಲೆ ಉರುಳುವ, ಕೈಕಾಲು ಸ್ವಾಧೀನವಿಲ್ಲದವರು) ಎಂದು ತಮ್ಮನ್ನು ಕರೆದುಕೊಂಡರು, ಪಾದಚಾರಿ ಮಾರ್ಗದ ಅಂಚುಗಳನ್ನು ಇಳಿಜಾರು ಮಾಡಿ ಎಂದು ನಗರಾಡಳಿತದ ಬೆನ್ನು ಹತ್ತಿದರು.

ಅದೇ ದಶಕದಲ್ಲಿ ನಾರ್ತ್ ಕೆರೊಲಿನಾದಲ್ಲಿ ರೊನಾಲ್ಡ್ ಮೇಸ್ ವಾಸ್ತುಶಿಲ್ಪ ಓದುತ್ತಿದ್ದರು. ಅವರಿಗೂ ಬಾಲ್ಯದಲ್ಲೇ ಪೋಲಿಯೊ ಆಗಿತ್ತು. ಕಾಲೇಜಿನಲ್ಲಿ ಅವರನ್ನು ಯಾರಾದರೂ ಎತ್ತಿಕೊಂಡೇ ಮೆಟ್ಟಿಲು ಹತ್ತಿಸಬೇಕಿತ್ತು. ಕಟ್ಟಡ ಎದ್ದುನಿಂತ ಮೇಲೆ ಹಿತ್ತಲಿನಲ್ಲಿ ಒಂದು ಇಳಿಜಾರು ಅಂಟಿಸುವ ಬದಲು, ನಕ್ಷೆ ಬರೆಯುವಾಗಲೇ ಎಲ್ಲರನ್ನೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು ಎಂಬ ವಿಚಾರಕ್ಕೆ 1980ರ ದಶಕದಲ್ಲಿ ಅವರು ಕೊಟ್ಟ ಹೆಸರು 'ಸಾರ್ವತ್ರಿಕ ವಿನ್ಯಾಸ'.

ಕಾನೂನು ತನ್ನದೇ ಗತಿಯಲ್ಲಿ ನಡೆಯಿತು. 1973ರ ಪುನರ್ವಸತಿ ಕಾಯ್ದೆಯ 504ನೆಯ ಸೆಕ್ಷನ್, ಅಮೆರಿಕದ ಕೇಂದ್ರ ಸರ್ಕಾರದ ಹಣ ಪಡೆಯುವ ಯಾವ ಸಂಸ್ಥೆಯೂ ಅಂಗವಿಕಲರನ್ನು ಹೊರಗಿಡಕೂಡದು ಎಂದಿತು. ಅದರ ನಿಯಮಗಳಿಗೆ ಸಹಿ ಬೀಳಲು ಇನ್ನೂ ನಾಲ್ಕು ವರ್ಷ ಬೇಕಾಯಿತು. 1977ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಸರ್ಕಾರಿ ಕಚೇರಿಯೊಂದರೊಳಗೆ ಅಂಗವಿಕಲರು ಮೂರು ವಾರಗಳಿಗೂ ಮೀರಿ ಧರಣಿ ಕುಳಿತ ಮೇಲೆಯೇ ಅದು ಸಾಧ್ಯವಾದದ್ದು. ಹೀಗೆ ಬಾಗಿಲು ತೆರೆಯಿತು. ಆದರೆ ಒಳಗೆ ನಡೆಯುತ್ತಿದ್ದ ಪಾಠ ಮೊದಲಿನಂತೆಯೇ ಉಳಿಯಿತು. ವಿದ್ಯಾರ್ಥಿ ಪ್ರಮಾಣಪತ್ರ ತರಬೇಕು, ತನ್ನ ಕೊರತೆಯನ್ನು ಪ್ರತಿ ವರ್ಷ, ಪ್ರತಿ ಅಧ್ಯಾಪಕರ ಮುಂದೆ ವಿವರಿಸಬೇಕು, ಹೆಚ್ಚಿನ ಸಮಯವನ್ನೋ ದೊಡ್ಡ ಅಕ್ಷರದ ಪ್ರಶ್ನೆಪತ್ರಿಕೆಯನ್ನೋ ಕೇಳಿ ಪಡೆಯಬೇಕು. ಹಕ್ಕು ಎಂದು ಬರೆದದ್ದು ಅನುಭವದಲ್ಲಿ ಬೇಡಿಕೆಯಾಗಿಬಿಡುತ್ತದೆ. ಈ ದಣಿವನ್ನು ಹೊರಗಿನವರು ಸುಲಭವಾಗಿ ಊಹಿಸಲಾರರು.

ತಿರುವು ಬಂದದ್ದು ಮಸಾಚುಸೆಟ್ಸ್‌ನ ಒಂದು ಸಣ್ಣ ಸಂಸ್ಥೆಯಲ್ಲಿ. 1984ರಲ್ಲಿ ಆನ್ ಮೇಯರ್, ಡೇವಿಡ್ ರೋಸ್ ಮತ್ತು ಸಂಗಡಿಗರು ಕಟ್ಟಿದ 'ಕಾಸ್ಟ್' ಆರಂಭದಲ್ಲಿ ಕಲಿಕೆಯಲ್ಲಿ ತೊಡಕಿರುವ ಮಕ್ಕಳಿಗೆ ಕಂಪ್ಯೂಟರ್ ನೆರವು ಒದಗಿಸುತ್ತಿತ್ತು. ಅಚ್ಚಾದ ಪಠ್ಯಪುಸ್ತಕವನ್ನು ಎದುರಿಸಲು ಮಗುವನ್ನು ಸಜ್ಜುಗೊಳಿಸುವುದೇ ಗುರಿ. ಕೆಲವೇ ವರ್ಷಗಳಲ್ಲಿ ಅವರಿಗೆ ತಾವು ಪ್ರಶ್ನೆಯನ್ನೇ ತಲೆಕೆಳಗಾಗಿ ಹಿಡಿದಿದ್ದೇವೆ ಅನ್ನಿಸಿತು. ಪುಟ ತಿರುವಲಾರದ, ಅಕ್ಷರ ಕಾಣದ, ಸಾಲು ಹಿಡಿಯಲಾರದ ಮಕ್ಕಳ ತೊಡಕುಗಳು ಒಂದೊಂದೂ ಬೇರೆ, ಆದರೆ ಎಲ್ಲರಿಗೂ ಅಡ್ಡ ನಿಂತದ್ದು ಒಂದೇ ಬಗೆಯ ಪುಸ್ತಕ. ಹಾಗಾದರೆ ಊನ ಇರುವುದು ಪಠ್ಯಕ್ರಮದಲ್ಲಿ. ಈ ಇಡೀ ಕಥೆಯಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವುದು ಈ ಒಂದು ಹೊರಳು. ಮೇಸ್ ಅವರ ಮಾತನ್ನು ಪಾಠಕ್ಕೆ ತಂದು, 1990ರ ದಶಕದಲ್ಲಿ ಕಾಸ್ಟ್‌ನವರು 'ಕಲಿಕೆಗಾಗಿ ಸಾರ್ವತ್ರಿಕ ವಿನ್ಯಾಸ' ಎಂದರು, ಚಿಕ್ಕದಾಗಿ ಯುಡಿಎಲ್. ಕಲಿಯುವ ಆಸಕ್ತಿ ಹುಟ್ಟಿಸಲು, ವಿಷಯವನ್ನು ಮುಂದಿಡಲು, ಕಲಿತದ್ದನ್ನು ತೋರಿಸಲು ಒಂದಕ್ಕಿಂತ ಹೆಚ್ಚು ದಾರಿಗಳಿರಲಿ ಎಂಬುದು ಅದರ ತಿರುಳು. 2008ರಲ್ಲಿ ಅಮೆರಿಕದ ಉನ್ನತ ಶಿಕ್ಷಣ ಕಾಯ್ದೆಯೇ ಇದಕ್ಕೆ ವ್ಯಾಖ್ಯಾನ ಬರೆಯಿತು.

ಇದನ್ನು 'ಸುಲಭ ಮಾಡುವುದು' ಎಂದು ತಿಳಿಯುವವರೇ ಹೆಚ್ಚು. ಅದು ತಪ್ಪು. ಯುಡಿಎಲ್ ಅಧ್ಯಾಪಕರನ್ನು ಕೇಳುವ ಪ್ರಶ್ನೆ ನಿಷ್ಠುರವಾದದ್ದು: ನೀವು ನಿಜವಾಗಿ ಅಳೆಯುತ್ತಿರುವುದು ಏನನ್ನು? ಶಸ್ತ್ರಚಿಕಿತ್ಸೆ ಕಲಿಯುವವರಿಗೆ ಕೈಚಳಕವೇ ಗುರಿ, ಅಲ್ಲಿ ರಿಯಾಯಿತಿ ಇಲ್ಲ. ಆದರೆ 1857ರ ದಂಗೆಯ ಕಾರಣಗಳನ್ನು ವಿಶ್ಲೇಷಿಸುವುದು ಗುರಿಯಾಗಿದ್ದರೆ, ಮೂರು ಗಂಟೆಯಲ್ಲಿ ಪುಟಗಟ್ಟಲೆ ಕೈಬರಹದಲ್ಲಿ ಬರೆಯುವ ವೇಗ ಆ ಗುರಿಯ ಭಾಗವೇ? ನಮ್ಮ ವಿಶ್ವವಿದ್ಯಾಲಯಗಳ ಪರೀಕ್ಷೆಗಳು ಇತಿಹಾಸದ ಜೊತೆಗೆ ಬೆರಳುಗಳ ಬಲವನ್ನೂ ಅಳೆಯುತ್ತಿವೆ, ಅಂಕಪಟ್ಟಿ ಮಾತ್ರ ಎರಡನ್ನೂ 'ಇತಿಹಾಸ' ಎಂದೇ ದಾಖಲಿಸುತ್ತದೆ.

ಭಾರತದಲ್ಲಿ ಈ ಪ್ರಶ್ನೆ ನ್ಯಾಯಾಲಯದವರೆಗೂ ಹೋಗಿದೆ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ವಿಕಾಶ್ ಕುಮಾರ್ ಅವರಿಗೆ, ಅಂಗವೈಕಲ್ಯಕ್ಕೆ ಕಾಯ್ದೆ ಹೇಳುವ ಶೇ 40ರ ಮಿತಿ ಮುಟ್ಟುವುದಿಲ್ಲವೆಂದು ನಾಗರಿಕ ಸೇವಾ ಪರೀಕ್ಷೆಯಲ್ಲಿ ಸ್ಕ್ರೈಬ್, ಅಂದರೆ ಹೇಳಿದ್ದನ್ನು ಬರೆದುಕೊಡುವ ಸಹಾಯಕರನ್ನು, ನಿರಾಕರಿಸಲಾಗಿತ್ತು. ಆ ಮಿತಿಯನ್ನು ಅಡ್ಡಗೋಡೆ ಮಾಡಬಾರದು ಎಂದು 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇದು ದೊಡ್ಡ ಗೆಲುವು. ಆದರೂ ಒಬ್ಬ ವ್ಯಕ್ತಿ ಸುಪ್ರೀಂ ಕೋರ್ಟ್‌ವರೆಗೆ ಹೋಗಿ ಪಡೆದ ಗೆಲುವು ಎಂಬುದನ್ನೂ ಮರೆಯಲಾಗದು. ಅಂಗವಿಕಲರ ಹಕ್ಕುಗಳ ಕಾಯ್ದೆ, 2016 ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5ರಷ್ಟು ಸೀಟು ಮೀಸಲಿಡುತ್ತದೆ, ಸಾರ್ವತ್ರಿಕ ವಿನ್ಯಾಸವನ್ನೂ ವ್ಯಾಖ್ಯಾನಿಸುತ್ತದೆ. 2022ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸುಗಮ್ಯತೆಯ ಮಾರ್ಗಸೂಚಿಗಳನ್ನೂ ಹೊರಡಿಸಿತು. ಆದರೂ ಕಾಲೇಜಿನಲ್ಲಿ ಈ ವಿಷಯ ಎತ್ತಿದರೆ ಇಂದಿಗೂ ಹೆಚ್ಚಾಗಿ ಬರುವ ಉತ್ತರ, 'ನಮ್ಮಲ್ಲಿ ರ‍್ಯಾಂಪ್ ಇದೆಯಲ್ಲ'.

ನೂರು ವಿದ್ಯಾರ್ಥಿಗಳ ತರಗತಿಯಲ್ಲಿ, ವರ್ಷದಿಂದ ವರ್ಷಕ್ಕೆ ನೇಮಕವಾಗುವ ಅತಿಥಿ ಉಪನ್ಯಾಸಕರಿಂದ ಇದೆಲ್ಲವನ್ನೂ ನಿರೀಕ್ಷಿಸುವುದು ನ್ಯಾಯವೇ ಎಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಆದರೆ ಎಲ್ಲವೂ ದುಬಾರಿಯಲ್ಲ. ಟಿಪ್ಪಣಿಯನ್ನು ಒಂದು ದಿನ ಮೊದಲೇ ಕಳಿಸುವುದು, ಹಲಗೆಯ ಮೇಲೆ ಬರೆದುದನ್ನು ಬಾಯಿಬಿಟ್ಟು ಓದುವುದು, ಪಾಠವನ್ನು ಧ್ವನಿಮುದ್ರಿಸಲು ಬಿಡುವುದು, ಇವಿಷ್ಟಕ್ಕೆ ಅನುದಾನ ಬೇಕಿಲ್ಲ. ಕನ್ನಡ ಮಾಧ್ಯಮದಿಂದ ಬಂದು ಮೊದಲ ವರ್ಷದ ಇಂಗ್ಲಿಷ್ ಪಾಠದಲ್ಲಿ ಕಂಗೆಟ್ಟು ಕೂತ ಹುಡುಗಿಗೂ ಇದರಿಂದ ಅಷ್ಟೇ ಉಪಯೋಗ. ಆಕೆಯ ಬಳಿ ಯಾವ ಪ್ರಮಾಣಪತ್ರವೂ ಇರುವುದಿಲ್ಲ.

ಕನ್ನಡದ ಕಡತಗಳಲ್ಲೂ ಇಂಥ ಒಂದು ಮೆಟ್ಟಿಲು ಅಡ್ಡ ಇದೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತ ಪದ್ಧತಿಯಾದ ಯೂನಿಕೋಡ್ ಬಳಕೆಗೆ ಬರುವ ಮೊದಲಿನ 'ನುಡಿ', 'ಬರಹ' ಮುಂತಾದ ಫಾಂಟ್‌ಗಳಲ್ಲಿ ತೆರೆಯ ಮೇಲೆ ಕಾಣುವುದು ಕನ್ನಡ, ಕಂಪ್ಯೂಟರಿನ ಒಳಗೆ ಇರುವುದು ರೋಮನ್ ಅಕ್ಷರಗಳ ಸಂಕೇತ. ಕಣ್ಣಿದ್ದವರಿಗೆ ವ್ಯತ್ಯಾಸವೇ ತಿಳಿಯದು. ಅದೇ ಕಡತವನ್ನು ಅಂಧ ವಿದ್ಯಾರ್ಥಿಯ ಸ್ಕ್ರೀನ್ ರೀಡರ್ (ತೆರೆಯ ಮೇಲಿನದನ್ನು ಧ್ವನಿಯಲ್ಲಿ ಓದುವ ತಂತ್ರಾಂಶ) ಓದಿದಾಗ ಕೇಳಿಸುವುದು ಅರ್ಥವಿಲ್ಲದ ಅಕ್ಷರಗಳ ಗಲಿಬಿಲಿ. ಟಿಪ್ಪಣಿಯೋ ಪಠ್ಯವೋ ಹೀಗೆ ಸಿದ್ಧವಾದರೆ, ಅದು ಅವರ ಮೊಬೈಲ್‌ಗೆ ತಲುಪಿಯೂ ತಲುಪುವುದಿಲ್ಲ. ಹಳೆಯ ಸಂಕೇತವನ್ನು ಯೂನಿಕೋಡ್‌ಗೆ ಬದಲಿಸುವ ತಂತ್ರಾಂಶಗಳು ಉಚಿತವಾಗಿಯೇ ಸಿಗುತ್ತವೆ. ಮೂಲ ಕಡತ ಕೈಯಲ್ಲಿರುವ ಅಧ್ಯಾಪಕರಿಗೆ ಅದು ಕೆಲವು ನಿಮಿಷಗಳ ಕೆಲಸ. ಅಚ್ಚಾದ ಪ್ರತಿ ಮಾತ್ರ ಸಿಕ್ಕ ವಿದ್ಯಾರ್ಥಿಯಾದರೋ ಅದನ್ನು ಓದಿ ಹೇಳುವವರನ್ನು ಹುಡುಕಿಕೊಂಡು ಹೋಗಬೇಕು, ಪರೀಕ್ಷೆ ಹತ್ತಿರವಿದ್ದರೂ ಅವರ ಬಿಡುವಿಗಾಗಿ ಕಾಯಬೇಕು.