ಅಭ್ಯರ್ಥಿ ಹೇಳುವ ಕನಿಷ್ಠ ವೇತನ: ಆ ಅಂಕಿಯ ಹಿಂದಿನ ಲೆಕ್ಕ

ದುಡಿಯುವ ಕುಟುಂಬಗಳಿಗೆ ಏನು ಮಾಡುತ್ತೀರಿ ಎಂದು ಕೇಳಿದರೆ, ವಿಧಾನಸಭೆಗೆ ನಿಂತವರು ಇವತ್ತು ಉಚಿತ ಬಸ್ಸು, ತಿಂಗಳಿಗೆ 2,000 ರೂಪಾಯಿ, 200 ಯೂನಿಟ್ ವಿದ್ಯುತ್ತಿನ ಮಾತೆತ್ತುತ್ತಾರೆ. 2023ರಲ್ಲಿ ಬಂದ ಈ ಯೋಜನೆಗಳು ಮನೆಖರ್ಚಿನ ಭಾರ ಇಳಿಸಿದ್ದು ನಿಜ. ಆದರೆ ಪೀಣ್ಯ, ಬೊಮ್ಮನಹಳ್ಳಿ, ರಾಮನಗರ, ಮದ್ದೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ತಿಂಗಳ ಸಂಬಳ ತೀರ್ಮಾನವಾಗುವುದು ಕಾರ್ಮಿಕ ಇಲಾಖೆಯ ಕನಿಷ್ಠ ವೇತನ ಅಧಿಸೂಚನೆಯಲ್ಲಿ. ಅದು ರಾಜ್ಯ ಸರ್ಕಾರದ ಕೈಯಲ್ಲಿರುವ ಕೆಲಸ. ಹಾಗಾಗಿ ಶಾಸಕರಾಗಬಯಸುವವರನ್ನು ಮೊದಲು ಕೇಳಬೇಕಾದದ್ದು ಇದನ್ನೇ.

ಲೆಕ್ಕದ ಬೇರು ಇರುವುದು ಸರ್ಕಾರ, ಮಾಲೀಕರು, ಕಾರ್ಮಿಕ ಸಂಘಗಳು ಒಟ್ಟಿಗೆ ಕೂರುವ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ, 1957ರ 15ನೇ ಸಮ್ಮೇಳನದಲ್ಲಿ. 1948ರ ಕನಿಷ್ಠ ವೇತನ ಕಾಯ್ದೆ ವೇತನ ನಿಗದಿ ಮಾಡಿ ಎಂದಿತ್ತೇ ಹೊರತು ಹೇಗೆ ಎಂದು ಹೇಳಿರಲಿಲ್ಲ. ಸಮ್ಮೇಳನ ಅದಕ್ಕೊಂದು ಸೂತ್ರ ಕೊಟ್ಟಿತು. ದುಡಿಯುವವರು 1, ಸಂಗಾತಿ 0.8, ಇಬ್ಬರು ಮಕ್ಕಳು ತಲಾ 0.6, ಒಟ್ಟು 3 ಘಟಕ. ಒಂದೊಂದು ಘಟಕಕ್ಕೆ ದಿನಕ್ಕೆ 2,700 ಕ್ಯಾಲೊರಿ ಆಹಾರ. ನಾಲ್ವರಿಗೆ ವರ್ಷಕ್ಕೆ 72 ಗಜ ಬಟ್ಟೆ. ಮನೆ ಬಾಡಿಗೆ. ಸೌದೆ, ದೀಪ ಮುಂತಾದ ಸಣ್ಣಪುಟ್ಟ ಖರ್ಚಿಗೆ ಒಟ್ಟು ಕನಿಷ್ಠ ವೇತನದ ಶೇ 20. ಮಕ್ಕಳ ಓದು, ಔಷಧ, ಮುಪ್ಪು, ಮದುವೆ ಯಾವುದೂ ಇದರಲ್ಲಿರಲಿಲ್ಲ. 1991ರಲ್ಲಿ ರೆಪ್ಟಾಕೋಸ್ ಬ್ರೆಟ್ ಕಂಪನಿ ಮತ್ತು ಅದರ ಕಾರ್ಮಿಕರ ನಡುವಿನ ಪ್ರಕರಣದ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ಇವುಗಳಿಗಾಗಿ ಇನ್ನೂ ಶೇ 25 ಸೇರಿಸಬೇಕೆಂದಿತು.

ಸೂತ್ರದಲ್ಲಿರುವ ಮನೆಯನ್ನು ಗಮನಿಸಿ. ಒಬ್ಬರು ದುಡಿಯುತ್ತಾರೆ, ಒಬ್ಬರು ಮನೆಯಲ್ಲಿರುತ್ತಾರೆ, ಅತ್ತೆ-ಮಾವ, ಅಪ್ಪ-ಅಮ್ಮ ಲೆಕ್ಕಕ್ಕಿಲ್ಲ. ಹೊಲಿಗೆ ಯಂತ್ರದ ಮುಂದೆ ಕೂರುವ ಎಷ್ಟೋ ಹೆಂಗಸರು ಹಿರಿಯರ ಮಾತ್ರೆಗೂ ಊರಿನ ಸಾಲಕ್ಕೂ ಇದೇ ಸಂಬಳದಿಂದ ತೆಗೆದಿಡುತ್ತಾರೆ. ಸೂತ್ರವನ್ನು ಚಾಚೂ ತಪ್ಪದೆ ಪಾಲಿಸಿದರೂ ಸಿಗುವ ಮೊತ್ತ ಕನಿಷ್ಠವೇ, ಔದಾರ್ಯವಲ್ಲ.

ಅಧಿಸೂಚನೆಯಲ್ಲಿ ಎರಡು ಭಾಗ: ಮೂಲ ವೇತನ ಮತ್ತು ತುಟ್ಟಿಭತ್ಯೆ. ಮೂಲ ವೇತನವನ್ನು ಐದು ವರ್ಷಕ್ಕೊಮ್ಮೆಯಾದರೂ ಪರಿಶೀಲಿಸಬೇಕು. ತುಟ್ಟಿಭತ್ಯೆ ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ಪ್ರತಿ ಏಪ್ರಿಲ್ 1ರಿಂದ ಏರುತ್ತದೆ. ಮೂಲ ವೇತನದ ಪರಿಷ್ಕರಣೆ ಸಿಕ್ಕಿಕೊಳ್ಳುವುದು ಕರಡು ಅಧಿಸೂಚನೆಗೂ ಅಂತಿಮ ಆದೇಶಕ್ಕೂ ನಡುವೆ. ಕರಡು ಹೊರಟ ಮೇಲೆ ಆಕ್ಷೇಪಣೆಗೆ ಎರಡು ತಿಂಗಳು ಕೊಡಬೇಕು. ಮಾಲೀಕರ ಸಂಘಗಳ ಮನವಿ, ನ್ಯಾಯಾಲಯದ ಮೆಟ್ಟಿಲು ಎಲ್ಲ ಆಗಲೇ. 2018ರ ಫೆಬ್ರವರಿಯಲ್ಲಿ ಹೊರಟ ಗಾರ್ಮೆಂಟ್ಸ್ ವೇತನದ ಕರಡನ್ನು ಸರ್ಕಾರ ಮಾರ್ಚ್‌ನಲ್ಲೇ ಹಿಂತೆಗೆದುಕೊಂಡಿತು.

ತುಟ್ಟಿಭತ್ಯೆಗಾದರೂ ತಡೆಯಿಲ್ಲ ಎಂದುಕೊಂಡಿದ್ದೆವು. 2020ರ ಜುಲೈನಲ್ಲಿ, ಕೋವಿಡ್ ಕಾರಣ ಹೇಳಿ, ಆ ವರ್ಷದ ಏರಿಕೆಯನ್ನೂ ಸರ್ಕಾರ ಮುಂದೂಡಿತು. ತಿಂಗಳಿಗೆ ಸುಮಾರು 417 ರೂಪಾಯಿ, ಅಂದರೆ ವರ್ಷಕ್ಕೆ 5,000. ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟ ಮೇಲೂ ಬಹಳಷ್ಟು ಕಾರ್ಖಾನೆಗಳು ಹಣ ಕೊಡಲಿಲ್ಲ. ಬಾಕಿ ಪಾವತಿ ದೊಡ್ಡ ಪ್ರಮಾಣದಲ್ಲಿ ಶುರುವಾದದ್ದು 2022ರಲ್ಲಿ, ಅದೂ ವಿದೇಶಿ ಬ್ರ್ಯಾಂಡ್‌ಗಳ ಮೇಲೆ ಒತ್ತಡ ಬಿದ್ದ ಮೇಲೆ. ಅಷ್ಟರಲ್ಲಿ ಕೆಲಸ ಬಿಟ್ಟು ಊರಿಗೆ ಹೋದವರನ್ನು ಹುಡುಕಿ ಹಣ ತಲುಪಿಸುವುದೇ ಬೇರೆ ಪಾಡು. ಆದೇಶ ಹೊರಡಿಸುವುದರಷ್ಟೇ ಅದನ್ನು ಜಾರಿಗೆ ತರುವುದೂ ಸರ್ಕಾರದ ಹೊಣೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

2025ರ ಏಪ್ರಿಲ್‌ನಲ್ಲಿ 81 ಉದ್ದಿಮೆಗಳಿಗೆ ಒಟ್ಟಿಗೆ ಹೊಸ ಕರಡು ಬಂತು. ರಾಜ್ಯವನ್ನು ಮೂರು ವಲಯ ಮಾಡಿ, ಅಕುಶಲ ಕಾರ್ಮಿಕರಿಗೆ ಮೂರನೇ ವಲಯದಲ್ಲಿ ತಿಂಗಳಿಗೆ ಸುಮಾರು 19,300, ಮೊದಲ ವಲಯದಲ್ಲಿ ಸುಮಾರು 23,400 ರೂಪಾಯಿ ಸೂಚಿಸಿತು. ಅಭ್ಯರ್ಥಿಯೊಬ್ಬರು ‘ಸಂಬಳ ಏರಿಸುತ್ತೇವೆ’ ಎಂದರೆ ಯಾವ ವಲಯಕ್ಕೆ, ಯಾವ ದರ್ಜೆಗೆ, ತುಟ್ಟಿಭತ್ಯೆ ಸೇರಿಯೋ ಬಿಟ್ಟೋ ಎಂದು ಕೇಳದೆ ಆ ಮಾತಿಗೆ ಅರ್ಥವಿಲ್ಲ.

ಏರಿಕೆಯ ಒಳಗೇ ಒಂದು ತೊಡಕಿದೆ, ಅದನ್ನು ವೇದಿಕೆಯ ಮೇಲೆ ಯಾರೂ ಹೇಳುವುದಿಲ್ಲ. ಇಎಸ್‌ಐ (ಕಾರ್ಮಿಕರ ಸರ್ಕಾರಿ ಆರೋಗ್ಯ ವಿಮೆ) ಸೌಲಭ್ಯಕ್ಕೆ 2017ರ ಜನವರಿಯಲ್ಲಿ ಗೊತ್ತುಮಾಡಿದ ವೇತನ ಮಿತಿ 21,000 ರೂಪಾಯಿ. ಮೊದಲ ವಲಯದ ಕರಡು ದರ ಅದನ್ನು ದಾಟುತ್ತದೆ. ಮಿತಿ ಏರದಿದ್ದರೆ, ನಡೆಯುತ್ತಿರುವ ಆರು ತಿಂಗಳ ವಂತಿಗೆ ಅವಧಿ ಮುಗಿದ ಮೇಲೆ ಕಾರ್ಮಿಕರು ಇಎಸ್‌ಐ ಆಸ್ಪತ್ರೆಯ ಆಸರೆ ಕಳೆದುಕೊಳ್ಳುತ್ತಾರೆ. ವಂತಿಗೆ ಎಂದು ಕಡಿತವಾಗುತ್ತಿದ್ದ ಶೇ 0.75 ಉಳಿಯುತ್ತದೆ ನಿಜ, ಆದರೆ ಒಂದು ಹೆರಿಗೆಗೋ ಶಸ್ತ್ರಚಿಕಿತ್ಸೆಗೋ ಅದು ಯಾವ ಮೂಲೆಗೆ? ಬಿಪಿಎಲ್ ಕಾರ್ಡಿನದೂ ಇದೇ ಕಥೆ. ಅದರ ವಾರ್ಷಿಕ ಆದಾಯ ಮಿತಿ 1.2 ಲಕ್ಷ, ಅಂದರೆ ತಿಂಗಳಿಗೆ 10,000. ಕಾನೂನುಬದ್ಧ ಸಂಬಳ ಪಡೆದ ತಪ್ಪಿಗೆ ಅಕ್ಕಿ ತಪ್ಪಬಾರದು. ಬಿಪಿಎಲ್ ಮಿತಿಯನ್ನು ರಾಜ್ಯವೇ ಬದಲಿಸಬಹುದು. ಇಎಸ್‌ಐ, ಪಿಎಫ್ (ಭವಿಷ್ಯ ನಿಧಿ) ಕೇಂದ್ರದ ವಿಷಯ. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಿಂಪಡೆಯುವ ಹೊಸ ನಿಯಮದ ವಿರುದ್ಧ ಗಾರ್ಮೆಂಟ್ಸ್ ಕಾರ್ಮಿಕರು ಬೆಂಗಳೂರಿನ ರಸ್ತೆಗಿಳಿದಾಗ, ನಿಯಮ ವಾಪಸು ಪಡೆದದ್ದೂ ಕೇಂದ್ರವೇ.

2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆ 1948ರ ಕಾಯ್ದೆಯ ಜಾಗಕ್ಕೆ ಬಂದಿದೆ. ಪಟ್ಟಿಯಲ್ಲಿದ್ದ ಉದ್ದಿಮೆಗಳಿಗಷ್ಟೇ ಕನಿಷ್ಠ ವೇತನ ಎಂಬುದು ಹೋಗಿ ಎಲ್ಲ ಉದ್ಯೋಗಗಳಿಗೂ ಅನ್ವಯ. ದರ ನಿಗದಿ ರಾಜ್ಯದ ಬಳಿಯೇ ಉಳಿದಿದೆ, ಆದರೆ ಕೇಂದ್ರದ ತಳಮಟ್ಟದ ವೇತನಕ್ಕಿಂತ ಕೆಳಗಿಳಿಯುವಂತಿಲ್ಲ. ಬಾಕಿ ಕೇಳಲು ಹಿಂದೆ 6 ತಿಂಗಳಿತ್ತು, ಈಗ 3 ವರ್ಷ. ಇದು ಒಳ್ಳೆಯ ಬದಲಾವಣೆ. ಇನ್ನೊಂದು ಕಡೆ, ಇನ್‌ಸ್ಪೆಕ್ಟರ್ ಮೊದಲ ಸಲದ ತಪ್ಪಿಗೆ ಮೊಕದ್ದಮೆ ಹೂಡುವ ಮುನ್ನ ಮಾಲೀಕರಿಗೆ ಸರಿಪಡಿಸಿಕೊಳ್ಳಲು ಅವಕಾಶ ಕೊಡಬೇಕು. ಇದರಿಂದ ತಪ್ಪು ಮಾಡುವವರ ಭಯ ಕಡಿಮೆಯಾಗುತ್ತದೆ ಎಂಬ ಆತಂಕ ನಮ್ಮದು.

ಕಡಿಮೆ ಕೊಟ್ಟಿದ್ದಾರೋ ಎಂದು ನೋಡುವ ಬಗೆ ಹೀಗೆ. ತಿಂಗಳ ಮೊತ್ತವನ್ನು 26ರಿಂದ ಭಾಗಿಸಿದರೆ ದಿನದ ಕೂಲಿ, ಅದನ್ನು 8ರಿಂದ ಭಾಗಿಸಿದರೆ ಗಂಟೆಯದು, ಒಟಿಗೆ, ಅಂದರೆ ಹೆಚ್ಚುವರಿ ಹೊತ್ತಿನ ದುಡಿಮೆಗೆ, ಅದರ ಎರಡು ಪಟ್ಟು. 13,000 ಇದ್ದರೆ ದಿನಕ್ಕೆ 500, ಗಂಟೆಗೆ 62.50, ಒಟಿ ಗಂಟೆಗೆ 125. ಟಾರ್ಗೆಟ್ ಮುಗಿಸಲು ಪಂಚ್ ಔಟ್ ಮಾಡಿಸಿ ಮತ್ತೆ ಕೂರಿಸಿದ ಹೊತ್ತು ಪೇ ಸ್ಲಿಪ್ಪಿನಲ್ಲಿ ಕಾಣುವುದಿಲ್ಲ. ಅದನ್ನು ಅವತ್ತೇ ತಾರೀಖಿನ ಸಮೇತ ಬರೆದಿಡಬೇಕು. ಬಾಕಿಯ ಅರ್ಜಿಯನ್ನು ಕಾರ್ಮಿಕರೇ ಹಾಕಬಹುದು, ಅವರ ಪರವಾಗಿ ಯೂನಿಯನ್ ಕೂಡ ಹಾಕಬಹುದು. ಕಾರ್ಖಾನೆ ಬಾಗಿಲು ಹಾಕಿದರೆ ಹಾಜರಿ ಪುಸ್ತಕವೂ ಅದರ ಜೊತೆಗೇ ಹೋಗುತ್ತದೆ. ಪ್ರತಿ ತಿಂಗಳ ಪೇ ಸ್ಲಿಪ್ಪಿನ ಫೋಟೊ ತೆಗೆದು ಫೋನಿನಲ್ಲೂ ಮನೆಯ ಇನ್ನೊಬ್ಬರ ಬಳಿಯೂ ಇಟ್ಟಿರಬೇಕು.