ಒಂಟೆ ಯಾಕೆ ಮಂಡಿಯೂರಿದೆ? ಬೀಡುಕಬ್ಬಿಣದ ಬೆಂಚು ಓದುವ ಬಗೆ

ಲಂಡನ್ನಿನ ಥೇಮ್ಸ್ ದಡದಲ್ಲಿ, ವಿಕ್ಟೋರಿಯಾ ಎಂಬ್ಯಾಂಕ್‌ಮೆಂಟ್ ಉದ್ದಕ್ಕೂ, 1870ರ ದಶಕದ ಬೆಂಚುಗಳಿವೆ. ಕೂರಲು ಮರದ ಪಟ್ಟಿ, ಅದನ್ನು ಹೊರಲು ಬೀಡುಕಬ್ಬಿಣದ ಪಕ್ಕಗಳು. ಕೆಲವು ಪಕ್ಕಗಳಲ್ಲಿ ಮಂಡಿಯೂರಿ ಕೂತ ಒಂಟೆ, ಇನ್ನು ಕೆಲವದರಲ್ಲಿ ಸ್ಫಿಂಕ್ಸ್, ಅಂದರೆ ಸಿಂಹದ ಮೈ, ಮನುಷ್ಯನ ತಲೆಯ ಪ್ರಾಣಿ. ವಿನ್ಯಾಸ ವಾಸ್ತುಶಿಲ್ಪಿ ಜಾರ್ಜ್ ಜಾನ್ ವಲಿಯಮಿ ಅವರದು. ಅಲ್ಲಿನ ದೀಪದ ಕಂಬಗಳಿಗೆ ಸುತ್ತಿಕೊಂಡ ಮೀನುಗಳೂ ಅವರವೇ. 1878ರಲ್ಲಿ ಅದೇ ದಡದಲ್ಲಿ ಈಜಿಪ್ಟಿನ ಶಿಲಾಸ್ತಂಭ ನಿಂತಿತು, ಒಂಟೆ ಮತ್ತು ಸ್ಫಿಂಕ್ಸ್ ಅದಕ್ಕೆ ಜೊತೆ. ಇದು ವಿಷಯದ ಕಥೆ. ಭಂಗಿಯ ಕಥೆ ಬೇರೆ: ಒಂಟೆ ಮಂಡಿಯೂರಿದರೆ ಎರಕದವನ ಅರ್ಧ ತಲೆನೋವು ಇಳಿಯಿತು.

ಯಾಕೆಂದು ತಿಳಿಯಲು ಮರಳಿನ ಅಚ್ಚನ್ನು ನೆನಪಿಸಿಕೊಳ್ಳಿ. ಮರದ ಮಾದರಿಯನ್ನು ಎರಡು ಪೆಟ್ಟಿಗೆಗಳ ನಡುವೆ ಇಟ್ಟು ಮರಳು ಬಡಿಯುತ್ತಾರೆ, ಪೆಟ್ಟಿಗೆ ಬಿಡಿಸಿ ಮಾದರಿಯನ್ನು ಎತ್ತುತ್ತಾರೆ, ಉಳಿದ ಪೊಳ್ಳಿಗೆ ಸುಮಾರು 1300–1400 ಡಿಗ್ರಿ ಸೆಲ್ಸಿಯಸ್‌ನ ಕಬ್ಬಿಣ ಹೊಯ್ಯುತ್ತಾರೆ. ಎತ್ತುವಾಗ ಮರಳು ಕಿತ್ತುಬರಬಾರದು, ಅದಕ್ಕೇ ಮಾದರಿಯ ಗೋಡೆಗಳಿಗೆ 1–2 ಡಿಗ್ರಿ ಓರೆ ಇರಬೇಕು. ಹೊಟ್ಟೆಯಡಿಯ ಸಂದು, ಕತ್ತಿನ ಬಾಗಿನ ಒಳಭಾಗ ಇಂಥ ಕಡೆ ಮಾದರಿ ಸಿಕ್ಕಿಕೊಳ್ಳುತ್ತದೆ. ಆಗ ಬಿಡಿ ತುಂಡಿನ ಮಾದರಿ ಮಾಡಬೇಕು, ಇಲ್ಲವೇ ಆ ಜಾಗಕ್ಕೆ ಬೇರೆಯಾಗಿ ಮರಳಿನ ಕೋರ್ (ಒಳಗಿಡುವ ಮರಳಿನ ಗಟ್ಟಿ ತುಂಡು) ಕೂರಿಸಬೇಕು. ಎರಡೂ ದುಬಾರಿ. ಕಾಲು ಮಡಚಿದ ಪ್ರಾಣಿಯಲ್ಲಿ ಇಂಥ ಸಂದುಗಳೇ ಕಡಿಮೆ.

ಇನ್ನೊಂದು ಕಾರಣ ದಪ್ಪ. ಮೈ 40 ಮಿ.ಮೀ., ಕಿವಿ 4 ಮಿ.ಮೀ. ಇದ್ದರೆ ಎರಡೂ ಒಂದೇ ವೇಗದಲ್ಲಿ ಆರುವುದಿಲ್ಲ. ದಪ್ಪ ಮೈ ಕೊನೆಗೆ ಗಟ್ಟಿಯಾಗುತ್ತ ಒಳಗೆ ಪೊಳ್ಳು ಬಿಡುತ್ತದೆ. ಕಿವಿ ಬೇಗ ಆರಿದ್ದರಿಂದ ಇಂಗಾಲಕ್ಕೆ ಗ್ರಾಫೈಟ್ ಆಗಲು ಸಮಯ ಸಿಗದೆ ಕಬ್ಬಿಣದ ಕಾರ್ಬೈಡ್ ಆಗಿಯೇ ಉಳಿಯುತ್ತದೆ. ಅಂಥ ಕಿವಿಗೆ ಡ್ರಿಲ್ ಇಳಿಯದು, ಪೆಟ್ಟು ಬಿದ್ದರೆ ಗಾಜಿನ ಹಾಗೆ ಮುರಿಯುತ್ತದೆ. ಮುರಿದ ಜಾಗ ಬೂದು ಬಣ್ಣಕ್ಕಿರದೆ ಬೆಳ್ಳಗಿರುತ್ತದೆ. ಆದ್ದರಿಂದಲೇ ಒಳ್ಳೆಯ ವಿನ್ಯಾಸಕಾರ ಕಿವಿಯನ್ನು ತಲೆಗೆ, ಬಾಲವನ್ನು ತೊಡೆಗೆ ಅಂಟಿಸಿಯೇ ಬರೆಯುತ್ತಾನೆ, ಮೈಯನ್ನು ಹಿಂದಿನಿಂದ ತೋಡಿ ಗೋಡೆಯನ್ನು ಎಲ್ಲ ಕಡೆ ಒಂದೇ ದಪ್ಪಕ್ಕೆ ತರುತ್ತಾನೆ. ಬೆಂಚಿನ ಒಳಬದಿಗೆ ಕೈ ಹಾಕಿದಾಗ ತಗ್ಗು ಸಿಕ್ಕಿದರೆ ಅದು ಕಳಪೆ ಕೆಲಸವಲ್ಲ.

ಈ ನಿಯಮಕ್ಕೆಲ್ಲ ಸವಾಲು ಹಾಕಿದ ಕೆಲಸವೂ ಇದೆ. ಶಿಲ್ಪಿ ಜಾನ್ ಬೆಲ್ ವಿನ್ಯಾಸದಲ್ಲಿ ಕೋಲ್‌ಬ್ರೂಕ್‌ಡೇಲ್ ಕಂಪನಿ 1855ರ ಪ್ಯಾರಿಸ್ ಪ್ರದರ್ಶನಕ್ಕೆ ಎರಕ ಹೊಯ್ದ ಮೇಜನ್ನು ನಿಜ ಗಾತ್ರದ ನಾಲ್ಕು ಡಿಯರ್‌ಹೌಂಡ್ ನಾಯಿಗಳು ಹೊತ್ತಿವೆ. ನನ್ನ ಲೆಕ್ಕಕ್ಕೆ ಅದು ಮೇಜಿಗಿಂತ ಹೆಚ್ಚಾಗಿ ಫೌಂಡ್ರಿಯ ಜಾಹೀರಾತು. ಆದರೂ ಭಾರ ನಾಯಿಗಳ ಮೈಮೇಲಿಂದ ನೇರ ಕೆಳಗಿಳಿಯುವುದನ್ನು ಗಮನಿಸಿ: ಬೀಡುಕಬ್ಬಿಣ ಒತ್ತಡವನ್ನು ಚೆನ್ನಾಗಿ ತಡೆಯುತ್ತದೆ, ಎಳೆತಕ್ಕೆ ಸೋಲುತ್ತದೆ.

ನಕಲು ಹಿಡಿಯುವುದು

ಬೀಡು ಆರುವಾಗ ಸುಮಾರು ಶೇ. 1 ಕುಗ್ಗುತ್ತದೆ. 800 ಮಿ.ಮೀ. ಎತ್ತರದ ಪಕ್ಕ ಬೇಕಾದರೆ ಮಾದರಿ 808 ಇರಬೇಕು. ಹಳೆಯ ಬೆಂಚನ್ನೇ ಮಾದರಿ ಮಾಡಿ ಮರಳಿಗೆ ಒತ್ತಿದರೆ ನಕಲು 792ಕ್ಕೆ ಬರುತ್ತದೆ, ನಕಲಿನ ನಕಲು 784ಕ್ಕೆ. ಅಸಲಿನ ಅಳತೆ ಗೊತ್ತಿದ್ದರೆ ಟೇಪು ಸಾಕು. ಪ್ರತಿ ಸುತ್ತಿನಲ್ಲೂ ಕೂದಲ ಗೀರು, ಕಣ್ಣ ರೆಪ್ಪೆ ಮೊಂಡಾಗುತ್ತವೆ. ಆಯಸ್ಕಾಂತ ಅಂಟದಿದ್ದರೆ ಅಲ್ಯೂಮಿನಿಯಂ ಎಂದು ಶಂಕಿಸಿ. ಅದರ ಸಾಂದ್ರತೆ ಘನ ಸೆಂ.ಮೀ.ಗೆ 2.7 ಗ್ರಾಂ, ಬೀಡಿನದು ಸುಮಾರು 7.2.

ಬ್ರಿಟಿಷ್ ಸರಕಿನಲ್ಲಿ ವಜ್ರಾಕಾರದ ನೋಂದಣಿ ಮುದ್ರೆ ಹುಡುಕಿ. ಅದು 1842ರಿಂದ 1883ರವರೆಗೆ ಚಾಲ್ತಿಯಲ್ಲಿತ್ತು. ಮೇಲಿನ ವೃತ್ತದಲ್ಲಿ ರೋಮನ್ ಅಂಕಿ ಒಂದು (I) ಇದ್ದರೆ ಲೋಹದ ವರ್ಗ. ವರ್ಷದ ಅಕ್ಷರ 1867ರವರೆಗೆ ಮೇಲಿನ ಮೂಲೆಯಲ್ಲಿ, 1868ರಿಂದ ಬಲ ಮೂಲೆಯಲ್ಲಿ. ಅದು ವಿನ್ಯಾಸ ನೋಂದಾಯಿಸಿದ ದಿನ, ಎರಕ ಹೊಯ್ದ ದಿನವಲ್ಲ. ನಕಲಿನಲ್ಲಿ ಮುದ್ರೆಯೂ ಮೂಡುತ್ತದೆ, ಮಸುಕಾಗಿ.

ಇಟ್ಟುಕೊಳ್ಳುವುದು

ಕೆಡುವುದು ಮೊದಲು ಕೀಲಿನಲ್ಲಿ. ಪಕ್ಕಕ್ಕೂ ಅಡ್ಡಪಟ್ಟಿಗೂ ನಡುವೆ ನೀರು ನಿಂತು ತುಕ್ಕು ಉಬ್ಬುತ್ತದೆ. ಆ ಉಬ್ಬಿಗೆ ಬೋಲ್ಟ್ ಹಿಡಿಯುವ ಬೀಡಿನ ಚಾಚುಗಳು ಸೀಳುತ್ತವೆ. ಮರ ಮಳೆಗೆ ಅಗಲವಾಗುತ್ತದೆ, ಅದಕ್ಕೆ ಪಟ್ಟಿಗಳ ನಡುವೆ 6–8 ಮಿ.ಮೀ. ಸಂದು ಬಿಡಿ, ಬೋಲ್ಟನ್ನು ಜೀವ ಹೋಗುವ ಹಾಗೆ ಬಿಗಿಯಬೇಡಿ. ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಒಣಗಿದ್ದಾಗ ಉಜ್ಜಬೇಡಿ, ಒದ್ದೆ ಮಾಡಿ ಉಜ್ಜಿ. ಪೂರ್ತಿ ಒಣಗಿದ ಮೇಲೆ ಜಿಂಕ್ ಫಾಸ್ಫೇಟ್ ಪ್ರೈಮರ್, ಮೇಲೆ ತೆಳುವಾಗಿ ಎರಡು ಕೋಟ್. ದಪ್ಪಗೆ ಬಳಿದರೆ ಒಂಟೆಯ ಮುಖ ಮುಚ್ಚಿಹೋಗುತ್ತದೆ. ಮುರಿದ ತುಂಡಿಗೆ ಮಾಮೂಲಿ ಉಕ್ಕಿನ ವೆಲ್ಡಿಂಗ್ ಕಡ್ಡಿ ಮುಟ್ಟಿಸಬೇಡಿ, ಪಕ್ಕದಲ್ಲೇ ಹೊಸ ಬಿರುಕು ಬರುತ್ತದೆ. ನಿಕ್ಕಲ್ ಕಡ್ಡಿ ಬಳಸಿ, ಬೆಸುಗೆಯನ್ನು ತುಣುಕು ತುಣುಕಾಗಿ ಹಾಕುತ್ತ ನಿಧಾನ ಆರಲು ಬಿಡಿ.