ಪದಗಳನ್ನು ಎಣಿಸಿದರೆ ಸಂಕಥನ ವಿಶ್ಲೇಷಣೆ ಆಗುತ್ತದೆಯೇ?

ಪ್ರಶ್ನೆ: ಮಾನವ ಭೂಗೋಳದ ಸಂಶೋಧನೆಗೆಂದು ಅಭಿವೃದ್ಧಿ ಯೋಜನೆಗಳ ವರದಿಗಳನ್ನು ಕಲೆಹಾಕಿದ್ದೇನೆ. ‘ಹಿಂದುಳಿದ’, ‘ಕೃಷಿ’ ಮುಂತಾದ ಪದಗಳು ಎಷ್ಟು ಸಲ ಬಂದಿವೆ ಎಂದು ಎಣಿಸಿ ಬರೆದರೆ ಸಂಕಥನ ವಿಶ್ಲೇಷಣೆಗೆ (discourse analysis) ಸಾಕೇ?

ಉತ್ತರ: ಸಾಲದು. ಎಣಿಕೆಯಿಂದ ಒಂದು ಸುಳಿವು ಸಿಗಬಹುದು, ಅಷ್ಟೇ. ಒಂದು ಪ್ರದೇಶದ ಬಗ್ಗೆ ಯಾವ ಮಾತು ಸತ್ಯವೆಂದು ಚಲಾವಣೆಯಾಗುತ್ತದೆ, ಅದನ್ನು ಹೇಳುವ ಅಧಿಕಾರ ಯಾರಿಗಿದೆ, ಅದರಿಂದ ನೆಲದ ಮೇಲೆ ಏನಾಗುತ್ತದೆ ಎಂಬುದು ಸಂಕಥನ ವಿಶ್ಲೇಷಣೆಯ ಪ್ರಶ್ನೆ. ಫ್ರೆಂಚ್ ಚಿಂತಕ ಮಿಶೆಲ್ ಫುಕೊ ಚಿಂತನೆಯಿಂದ ಬಂದ ಈ ದಾರಿಯಲ್ಲಿ ನಕ್ಷೆಯೂ ಒಂದು ಪಠ್ಯವೇ, ನಕ್ಷೆಗಳ ಇತಿಹಾಸಕಾರ ಜೆ. ಬಿ. ಹಾರ್ಲಿ 1989ರಲ್ಲೇ ಹಾಗೆಂದು ವಾದಿಸಿದ್ದರು.

ಉದಾಹರಣೆಗೆ, 1975ರ ವಿಶ್ವಬ್ಯಾಂಕ್ ವರದಿಯೊಂದು ದಕ್ಷಿಣ ಆಫ್ರಿಕ ಸುತ್ತುವರಿದಿರುವ ಪುಟ್ಟ ದೇಶ ಲೆಸೊಥೊವನ್ನು ಆಧುನಿಕ ಆರ್ಥಿಕತೆ ಸೋಕದ ರೈತರ ನಾಡೆಂಬಂತೆ ಚಿತ್ರಿಸಿತು. ವಾಸ್ತವದಲ್ಲಿ ಅಲ್ಲಿನ ಗಂಡಸರು ಎಷ್ಟೋ ದಶಕಗಳಿಂದ ದಕ್ಷಿಣ ಆಫ್ರಿಕದ ಗಣಿಗಳಿಗೆ ಕೂಲಿಗೆ ಹೋಗುತ್ತಿದ್ದರು. ಮಾನವಶಾಸ್ತ್ರಜ್ಞ ಜೇಮ್ಸ್ ಫರ್ಗುಸನ್ ಇದನ್ನು ಬರೀ ತಪ್ಪು ಮಾಹಿತಿಯೆಂದು ಬಿಡಲಿಲ್ಲ. ಬಡತನಕ್ಕೆ ಹಿಂದುಳಿದ ಕೃಷಿ ಕಾರಣವೆಂದರೆ ರಸ್ತೆ, ಮಾರುಕಟ್ಟೆ, ತಾಂತ್ರಿಕ ಸಲಹೆ ಪರಿಹಾರವಾಗುತ್ತವೆ, ಯೋಜನೆಗೆ ಜಾಗ ಸಿಗುತ್ತದೆ. ಗಣಿಕೂಲಿಯ ಮಾತೆತ್ತಿದರೆ ರಾಜಕೀಯದ ಪ್ರಶ್ನೆ ಏಳುತ್ತದೆ. ಅದಕ್ಕೆ ಅಭಿವೃದ್ಧಿ ಸಂಸ್ಥೆಯ ಬಳಿ ಉತ್ತರವಿಲ್ಲ. ‘ಕೃಷಿ’ ಎಷ್ಟು ಸಲ ಬಂತೆಂದು ಎಣಿಸಿದರೆ ಈ ಕೊಂಡಿ ಕಾಣುವುದೇ ಇಲ್ಲ.

ಹಾಗಾಗಿ ಮೊದಲ ಓದಿನಲ್ಲಿ ಕೋಡ್, ಅಂದರೆ ಸಾಲುಗಳಿಗೆ ವಿಷಯದ ಹೆಸರುಚೀಟಿ, ಹಾಕಬೇಡಿ. ಯಾರು ಬರೆದರು, ಯಾರಿಗಾಗಿ, ಯಾರ ಹಣದಲ್ಲಿ ಎಂದು ಪ್ರತಿ ದಾಖಲೆಗೂ ಗುರುತು ಮಾಡಿಕೊಳ್ಳಿ. ಎರಡನೇ ಓದಿನಲ್ಲಿ ಜನರನ್ನೂ ಜಾಗವನ್ನೂ ಹೇಗೆ ವರ್ಣಿಸಿದ್ದಾರೆ ಎಂಬುದಕ್ಕೆ ಕೋಡ್ ಕೊಡಿ. ಫೋಟೊ, ನಕ್ಷೆ, ಅವುಗಳ ಅಡಿಬರಹವನ್ನೂ ಬಿಡಬೇಡಿ. ಮೂರನೆಯದರಲ್ಲಿ ‘ಇದು ಸಮಸ್ಯೆ, ಆದ್ದರಿಂದ ಇದು ಪರಿಹಾರ’ ಎಂದು ವರದಿ ಜಿಗಿಯುವ ಕಡೆ ನಿಲ್ಲಿ. ನಿಜವಾದ ಕೆಲಸವಿರುವುದು ಅಲ್ಲಿ. ವರದಿ ತನ್ನ ಮಾತನ್ನೇ ಅಲ್ಲಗಳೆಯುವ ಸಾಲುಗಳು ಸಿಕ್ಕರೆ ಅವನ್ನು ಜೋಪಾನ ಮಾಡಿ.

ಹೆಚ್ಚಿನವರು ಎಡವುವುದು ಮೌನದ ವಿಚಾರದಲ್ಲಿ. ಒಂದು ವರದಿಯಲ್ಲಿ ಏನೋ ಇಲ್ಲವೆಂದ ಮಾತ್ರಕ್ಕೆ ಅದು ಮರೆಮಾಚಿದಂತಲ್ಲ. ಅದೇ ಕಾಲದ ಜನಗಣತಿ, ಪತ್ರಿಕೆ, ನಿವಾಸಿಗಳ ಮನವಿಗಳಲ್ಲಿ ಆ ಸಂಗತಿ ಇದ್ದು ವರದಿಯಲ್ಲಿ ಮಾತ್ರ ಇಲ್ಲದಿದ್ದರೆ ನಿಮ್ಮ ವಾದಕ್ಕೆ ಬಲ ಬರುತ್ತದೆ. ತೀರ್ಮಾನವನ್ನು ಮೊದಲೇ ಮಾಡಿಕೊಂಡು ಅದಕ್ಕೊಪ್ಪುವ ಉದ್ಧರಣೆಗಳನ್ನು ಆರಿಸುವುದು ಇನ್ನೊಂದು ದೋಷ. ನಿಮ್ಮ ವಾದಕ್ಕೆ ಒಗ್ಗದ ದಾಖಲೆಗಳನ್ನೂ ಪ್ರಬಂಧದಲ್ಲಿ ಚರ್ಚಿಸಿ. ಇನ್ನು, ಆ ವರದಿಯನ್ನು ಜನ ನಂಬಿದರೇ ಎಂಬುದನ್ನು ಪಠ್ಯ ಹೇಳಲಾರದು. ಅದು ಬೇಕಿದ್ದರೆ ಸಂದರ್ಶನಗಳನ್ನೇ ಮಾಡಬೇಕು.